ಹನ್ನೊಂದು ಮಂದಿಗೆ ಹಂಚಿದ ಕೀಲಿಕೈ

ನನ್ನ ಕಂಪ್ಯೂಟರಿನಲ್ಲಿ ವೆಬ್‌ಸೈಟು ಸರಿಯಾಗಿಯೇ ತೆರೆದುಕೊಳ್ಳುತ್ತಿತ್ತು. ಮೊದಲು ನನ್ನ ತಲೆ ಕೆಡಿಸಿದ್ದೇ ಅದು. ಗದಗಿನಲ್ಲಿ ಹಳೆಯ ಮುದ್ರಣಾಲಯವೊಂದರ ಮೇಲಿನ ಮಹಡಿಯಲ್ಲಿ ನನ್ನದೊಂದು ಕೋಣೆ ಇದೆ. ಕೆಳಗೆ ಲಗ್ನಪತ್ರಿಕೆಗಳು ಅಚ್ಚಾಗುತ್ತವೆ, ಮೇಲೆ ನಾನು ವೆಬ್‌ಸೈಟು ಮಾಡಿಕೊಡುತ್ತೇನೆ, ಮಾಡಿಕೊಟ್ಟಿದ್ದನ್ನು ಕಾಯುತ್ತೇನೆ. ಅಂದು ಬೆಳಿಗ್ಗೆ ಲಕ್ಷ್ಮೇಶ್ವರದಿಂದ ಫೋನು ಬಂದಾಗ ಇನ್ನೂ ಕೋಣೆಯ ಕಸ ಕೂಡ ಗುಡಿಸಿರಲಿಲ್ಲ.

ಫೋನು ಮಾಡಿದವರು ಅಲ್ಲಿನ ವಧುವರ ಕೇಂದ್ರದ ಕಾರ್ಯದರ್ಶಿ, ನಿವೃತ್ತ ಮಾಸ್ತರರು. ಸಾಮಾನ್ಯವಾಗಿ ನನ್ನ ಆರೋಗ್ಯ, ಗದಗಿನ ನೀರಿನ ಪರಿಸ್ಥಿತಿ ಎಲ್ಲ ವಿಚಾರಿಸಿ ಆಮೇಲೆ ಕೆಲಸಕ್ಕೆ ಬರುವವರು. ಅವತ್ತು ನೇರವಾಗಿ ಶುರು ಮಾಡಿದರು.

“ಅಕ್ಕಾರ, ನಮ್ಮ ವೆಬ್‌ಸೈಟಿಗೆ ಏನಾಗೇತ್ರಿ? ಶಿರಹಟ್ಟಿಯಾಗ ಒಬ್ರು ಹುಡುಗಿ ಫೋಟೋ ನೋಡಾಕಂತ ತೆಗದ್ರ ಇಸ್ಪೀಟ್ ಎಲಿ ಬರಾಕತ್ತಾವಂತ. ಮನಿಮಂದಿ ಎಲ್ಲಾ ಕೂಡಿ ಕುಂತಾಗ!”

“ನನ್ನ ಕಡೆ ಛಲೋನ ಐತಲ್ರಿ ಮಾಸ್ತರ್ರ. ಅವರ ಫೋನಾಗ ಏನರ ಹೊಕ್ಕಿರಬೇಕು,” ಎಂದೆ.

ಎಷ್ಟು ಧೈರ್ಯವಾಗಿ ಹೇಳಿದೆನೆಂದರೆ, ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಹತ್ತೂವರೆಯೊಳಗೆ ಅಂಥವೇ ಮೂರು ಫೋನು ಬಂದವು. ಮೂವರ ಫೋನೂ ಒಂದೇ ದಿನ ಕೆಡುವುದು ಹೇಗೆ? ಕೆಳಗಿಳಿದು ಹೋಗಿ ಮುದ್ರಣಯಂತ್ರ ನಡೆಸುವವರ ಮೊಬೈಲು ಇಸಿದುಕೊಂಡೆ. ಕೇಂದ್ರದ ಹೆಸರನ್ನು ಗೂಗಲ್‌ನಲ್ಲಿ ಹುಡುಕಿ, ಮೊದಲು ಬಂದ ಸಾಲನ್ನು ಒತ್ತಿದೆ. ನಮ್ಮ ಪುಟ ಅರೆಕ್ಷಣ ಮುಖ ತೋರಿಸಿತು. ಮರುಕ್ಷಣ ರಮ್ಮಿ ಆಟದ ಪುಟ, ಅದರ ಮಗ್ಗುಲಲ್ಲಿ ಹೇಳಲು ಬಾರದಂಥ ಚಿತ್ರಗಳು. ಯಂತ್ರದವರು ಮುಖ ಆಚೆ ತಿರುಗಿಸಿಕೊಂಡರು. ಆ ಮೊಬೈಲನ್ನು ಅವರ ಕೈಗೆ ಹೇಗೆ ವಾಪಸು ಕೊಟ್ಟೆನೋ ನನಗೇ ನೆನಪಿಲ್ಲ.

ನುಸುಳಿದ್ದ ಕೋಡಿನ ಚಾಲಾಕಿ ಆಗ ತಿಳಿಯಿತು. ಮೊಬೈಲಿನಿಂದ, ಅದೂ ಹುಡುಕಾಟದ ಪುಟದಿಂದ ಬಂದವರನ್ನು ಮಾತ್ರ ಅದು ಬೇರೆಡೆಗೆ ತಳ್ಳುತ್ತಿತ್ತು. ಅಡ್ಮಿನ್ ಆಗಿ ಒಳಗೆ ಬರುವ ನನಗೆ ಎಲ್ಲವನ್ನೂ ಚೊಕ್ಕವಾಗಿ ತೋರಿಸುತ್ತಿತ್ತು, ಧಣಿ ಬರುವ ಹೊತ್ತಿಗಷ್ಟೇ ಅಂಗಡಿ ಗುಡಿಸುವ ಆಳಿನ ಹಾಗೆ.

ಆದರೆ ನಾನು ಹೆದರಿದ್ದು ಇಸ್ಪೀಟ್ ಎಲೆಯ ಸಲುವಾಗಿ ಅಲ್ಲ. ಮುಂಡರಗಿಯ ಒಬ್ಬ ಹೆಣ್ಣುಮಗಳ ಸಲುವಾಗಿ.

ಕೇಂದ್ರದಲ್ಲಿ ಹೆಸರು ಹಚ್ಚುವ ಬಹುತೇಕ ಮಂದಿಗೆ ಮುಚ್ಚುಮರೆ ಇರುವುದಿಲ್ಲ. ಬಾಳೆಹೊಸೂರಿನಿಂದ ಹಿಡಿದು ಮುಂಡರಗಿಯವರೆಗೆ ತಂದೆತಾಯಿಗಳು ತಾವೇ ಫೋಟೋ, ನಕ್ಷತ್ರ, ಹೊಲ ಎಷ್ಟು ಎನ್ನುವುದನ್ನೆಲ್ಲ ಬರೆಸುತ್ತಾರೆ, ನಾಲ್ಕು ಜನ ನೋಡಲಿ ಎಂದೇ ಬರೆಸುತ್ತಾರೆ. ಮರುಮದುವೆಗೆ ಹೆಸರು ಕೊಡುವವರಿಗಾಗಿ ಮಾತ್ರ ನಾನೊಂದು ಮುಚ್ಚಿದ ಪಟ್ಟಿ ಮಾಡಿದ್ದೆ. ಅದರಲ್ಲಿ ನಾಲ್ಕು ಹೆಸರಿದ್ದವು. ಮೂವರು ಗಂಡಸರು, ಯಾರಿಗೆ ಗೊತ್ತಾದರೂ ಚಿಂತೆಯಿಲ್ಲದವರು. ನಾಲ್ಕನೆಯದು ಅವಳದು. ಮುಂಡರಗಿಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆಯಂತ್ರ ಇಟ್ಟುಕೊಂಡು ಜಂಪರು ಹೊಲಿಯುತ್ತಾಳೆ. ಗಂಡ ತೀರಿ ನಾಲ್ಕು ವರ್ಷ. ಅತ್ತೆ, ಏಳು ವರ್ಷದ ಮಗಳು, ಅವಳು, ಮೂವರೇ ಮನೆಯಲ್ಲಿ. ಐದು ತಿಂಗಳ ಹಿಂದೆ ಲೈನಿಂಗ್ ಬಟ್ಟೆ, ಹುಕ್ಕು ಕೊಳ್ಳಲು ಗದಗಿಗೆ ಬಂದವಳು ನನ್ನ ಮಹಡಿ ಹತ್ತಿದ್ದಳು. ಕುರ್ಚಿಯ ತುದಿಯಲ್ಲಿ ಕೂತು, ಕೈಚೀಲವನ್ನು ಎದೆಗೆ ಹಿಡಿದುಕೊಂಡೇ ಮಾತಾಡಿದ್ದಳು.

“ಇದು ನಮ್ಮತ್ತಿಗೆ ಬ್ಯಾರೆದಾವ್ರ ಬಾಯಿಂದ ಗೊತ್ತಾದ್ರ ನನ್ನ ಕೂಸನ್ನ ನನ್ನ ಕೈಗೆ ಕೊಡಂಗಿಲ್ರಿ ಅಕ್ಕಾರ. ಯಾರಿಗೂ ಕಾಣಂಗಿಲ್ಲಲ್ಲ?”

“ನಿಮಗ, ನನಗ, ಮಾಸ್ತರ್ರಿಗೆ. ನಾಕನೇದಾವ್ರಿಗೆ ಕಾಣಂಗಿಲ್ಲ,” ಎಂದು ನಾನು ಮಾತು ಕೊಟ್ಟಿದ್ದೆ. ಮಕ್ಕಳ ವಿಷಯ ಈಗಲೇ ಬೇಡ, ನಂತರ ತಿಳಿಸಬಹುದು ಎಂದು ಜಾಣತನದ ಸಲಹೆಯನ್ನೂ ಕೊಟ್ಟಿದ್ದೆ.

ಕೋಣೆಗೆ ವಾಪಸಾಗಿ ಮೊದಲು ಮಾಡಿದ ಕೆಲಸ, ವೆಬ್‌ಸೈಟನ್ನೇ ಮುಚ್ಚಿದ್ದು. ‘ದುರಸ್ತಿ ನಡೆದಿದೆ’ ಎಂಬ ಒಂದೇ ಸಾಲಿನ ಪುಟ ಹಾಕಿದೆ. ಆಮೇಲೆ ಸರ್ವರಿನಲ್ಲಿದ್ದ ಕಡತಗಳನ್ನೆಲ್ಲ ಇಳಿಸಿಕೊಂಡು, ಮೂಲ ತಂತ್ರಾಂಶದ ಶುದ್ಧ ಪ್ರತಿಯ ಪಕ್ಕದಲ್ಲಿಟ್ಟು ಒಂದೊಂದನ್ನೂ ಹೋಲಿಸಿದೆ. ಫೋಟೋಗಳು ಮಾತ್ರ ಇರಬೇಕಾದ ಫೋಲ್ಡರಿನಲ್ಲಿ ಫೋಟೋದಂಥದೇ ಹೆಸರಿಟ್ಟುಕೊಂಡ ಒಂದು ಪ್ರೋಗ್ರಾಂ ಕೂತಿತ್ತು. ತೆರೆದರೆ ಅರ್ಥವಿಲ್ಲದ ಅಕ್ಷರಗಳ ಉದ್ದನೆಯ ರಾಶಿ. ಅದನ್ನು ಅಳಿಸಿದೆ. ನನ್ನ ಪಾಸ್‌ವರ್ಡ್ ಬದಲಿಸಿದೆ. ಮತ್ತೆ ಯಂತ್ರದವರ ಮೊಬೈಲಿನಲ್ಲಿ ನೋಡಿದೆ. ಸರಿಯಾಗಿತ್ತು. ಮಧ್ಯಾಹ್ನ ಎರಡಕ್ಕೆ ವೆಬ್‌ಸೈಟು ತೆರೆದು, ಮಾಸ್ತರರಿಗೆ ಫೋನು ಮಾಡಿ, ಹೆಮ್ಮೆಯಿಂದಲೇ ಊಟಕ್ಕೆ ಕೂತೆ.

ನಾಲ್ಕಕ್ಕೆ ಇಸ್ಪೀಟ್ ಎಲೆ ಮತ್ತೆ ಬಂತು.

ಅಳಿಸಿದ ಕಡತ ಅದೇ ಜಾಗದಲ್ಲಿ, ಬೇರೆ ಹೆಸರಿನಲ್ಲಿ ಹುಟ್ಟಿತ್ತು. ಮತ್ತೆ ಅಳಿಸಿದೆ, ಮತ್ತೆ ಹುಟ್ಟಿತು. ಸರ್ವರು ತಾನಾಗಿ ಆಗಾಗ ಮಾಡಬೇಕಾದ ಕೆಲಸಗಳ ಪಟ್ಟಿ ಒಂದಿರುತ್ತದೆ. ಅದನ್ನು ತೆರೆದು ನೋಡಿದರೆ ಗಂಟೆಗೊಮ್ಮೆ ಆ ಕಡತವನ್ನು ಹೊರಗಿನಿಂದ ತಂದಿಡುವ ಅಪ್ಪಣೆ ಬರೆದಿತ್ತು. ಅದನ್ನೂ ಕಿತ್ತೆ. ಪುಟಗಳನ್ನು ವೇಗವಾಗಿ ತೋರಿಸುತ್ತೇನೆಂದು ಹೇಳಿಕೊಳ್ಳುವ ಒಂದು ಪ್ಲಗಿನ್, ಅಂದರೆ ವೆಬ್‌ಸೈಟಿಗೆ ಮೇಲಿಂದ ಜೋಡಿಸುವ ಕಿರುತಂತ್ರಾಂಶ, ಸಿಕ್ಕಿತು. ಅದನ್ನು ನಾನು ಹಾಕಿಯೇ ಇರಲಿಲ್ಲ. ಕಿತ್ತೆ. ಅವತ್ತು ಎಷ್ಟು ಸಲ ಎದ್ದೆನೋ, ಎಷ್ಟು ಸಲ ಕೂತೆನೋ ಲೆಕ್ಕವಿಲ್ಲ. ಕಿಟಕಿಗೆ ಹೋಗುವುದು, ವಾಪಸು ಬರುವುದು, ಫೋನು ನೋಡುವುದು. ಚಹಾ ತರಿಸಿ ಕುಡಿಯದೆ ಬಿಟ್ಟೆ. ಒಂದು ಕಡೆ ಕೂತು ಯೋಚಿಸುವ ಸ್ವಭಾವ ನನ್ನದಲ್ಲ, ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ಅವ್ವ ಬೈಯುತ್ತಿದ್ದಳು.

ಮರುದಿನ ಬೇಸತ್ತು ಬ್ಯಾಕಪ್ ಹಾಕಿಬಿಡೋಣವೆಂದೆ. ಹೋಸ್ಟಿಂಗ್ ಕಂಪನಿ ಮೂವತ್ತು ದಿನಗಳ ಪ್ರತಿ ಇಡುತ್ತದೆ. ಎಲ್ಲಕ್ಕಿಂತ ಹಳೆಯದನ್ನು ಹಾಕಿದೆ. ಒಂದು ಗಂಟೆ ಕಾದೆ. ಇಸ್ಪೀಟ್ ಎಲೆ! ಅಂದರೆ ಕಳ್ಳ ಒಳಗೆ ಬಂದು ತಿಂಗಳ ಮೇಲಾಗಿದೆ, ಇಷ್ಟು ದಿನ ಸುಮ್ಮನೆ ಕೂತಿದ್ದು ಈಗ ಆಟ ಶುರುಮಾಡಿದ್ದಾನೆ. ಕಂಪನಿಯ ಸಹಾಯವಾಣಿಗೆ ಫೋನು ಹಚ್ಚಿದರೆ ಆಚೆಯ ದನಿ ನಯವಾಗಿ, “ಸರ್ವರಿಗೆ ತೊಂದರೆ ಇಲ್ಲ ಮೇಡಂ, ನಿಮ್ಮ ಖಾತೆಯಿಂದಲೇ ಯಾರೋ ಒಳಗೆ ಬಂದಿದ್ದಾರೆ,” ಎಂದಿತು. ಸಿಟ್ಟು ನೆತ್ತಿಗೇರಿತು. ನನ್ನ ಖಾತೆಯೇ? ನಾನು ಜಗಳಕ್ಕೇ ಬಿದ್ದೆ. ಆ ದನಿ ಪಾಪ ಜಗಳಾಡಲಿಲ್ಲ. ಹಳೆಯ ಲಾಗ್ ಕಡತಗಳನ್ನು, ಅಂದರೆ ಯಾವ ಗಳಿಗೆಯಲ್ಲಿ ಯಾರು ಬಂದು ಯಾವ ಪುಟ ತೆರೆದರು ಎಂಬ ದಾಖಲೆಯನ್ನು, ಕಳಿಸಿಕೊಟ್ಟಿತು.

ಲಾಗ್ ಓದುವುದು ಜೋಳದಲ್ಲಿ ಹರಳು ಆರಿಸಿದ ಹಾಗೆ. ಒಂದೊಂದು ಸಾಲೂ ಒಂದೇ ಥರ ಕಾಣುತ್ತದೆ. ಇಡೀ ದಿನ ಓದಿದೆ. ನಲವತ್ತು ದಿನಗಳ ಹಿಂದಿನ ಒಂದು ಸಾಲಿನಲ್ಲಿ ನನ್ನ ಬೆರಳು ನಿಂತಿತು. ನಮ್ಮೂರಿನ ಕಡೆಯದಲ್ಲದ ಇಂಟರ್ನೆಟ್ ವಿಳಾಸದಿಂದ ಒಬ್ಬರು ಅಡ್ಮಿನ್ ಆಗಿ ಒಳಗೆ ಬಂದಿದ್ದರು. ಯಾರ ಹೆಸರಿನಲ್ಲಿ? ಕೇಂದ್ರವನ್ನು ನಡೆಸುವ ಹನ್ನೊಂದು ಪಂಚರ ಪೈಕಿ ಹಿರಿಯರಾಗಿದ್ದ, ತೀರಿಹೋಗಿ ಎಂಟು ತಿಂಗಳಾದ ಅಜ್ಜನವರ ಹೆಸರಿನಲ್ಲಿ.

ತಪ್ಪು ಪಾಸ್‌ವರ್ಡ್ ಹಾಕಿ ನೋಡಿದ ಗುರುತು ಒಂದೂ ಇರಲಿಲ್ಲ. ಒಂದೇ ಏಟಿಗೆ ಒಳಗೆ. ಅಂದರೆ ಪಾಸ್‌ವರ್ಡ್ ಅವರಿಗೆ ಮೊದಲೇ ಗೊತ್ತಿತ್ತು.

ಹೇಗೆ ಗೊತ್ತಾಯಿತು ಎಂದು ತಲೆ ಕೆರೆದುಕೊಳ್ಳುತ್ತಿರುವಾಗ ಉದ್ಘಾಟನೆಯ ದಿನ ನೆನಪಾಯಿತು. ವೆಬ್‌ಸೈಟು ಮಾಡುವಾಗ ನಾನು ಕೇಳಿದ್ದೆ, ಕೀಲಿಕೈ ಯಾರ ಹತ್ತಿರ ಇರಬೇಕು ಎಂದು. ಕೇಂದ್ರದ ಅಧ್ಯಕ್ಷರು, “ಒಬ್ಬರಿಗೆ ಕೊಟ್ಟು ಒಬ್ಬರಿಗೆ ಬಿಟ್ರ ಹ್ಯಾಂಗ್ರಿ? ಹನ್ನೊಂದು ಮಂದಿಗೂ ಸರಿಸಮ ಮಾನ ಇರಬೇಕು,” ಎಂದಿದ್ದರು. ಸರಿ ಎಂದು ಹನ್ನೊಂದೂ ಜನರನ್ನು ಪೂರ್ಣ ಅಡ್ಮಿನ್ ಮಾಡಿದೆ. ಅಷ್ಟಕ್ಕೇ ಬಿಡಲಿಲ್ಲ. ಮುದ್ರಣಾಲಯದ ಮೇಲೆ ಕೂತವಳಲ್ಲವೇ, ನನ್ನ ಕೈ ಸುಮ್ಮನಿರುತ್ತದೆಯೇ? ಚಿನ್ನದ ಬಣ್ಣದ ಅಂಚಿನ ಹನ್ನೊಂದು ಕಾರ್ಡು ಅಚ್ಚು ಹಾಕಿಸಿ, ಅವರವರ ಹೆಸರು, ಎಲ್ಲರಿಗೂ ಒಂದೇ ಪಾಸ್‌ವರ್ಡ್ ಬರೆಸಿ, ಲ್ಯಾಮಿನೇಷನ್ ಮಾಡಿಸಿದೆ. ವೇದಿಕೆಯ ಮೇಲೆ ಶಾಲು, ಹಾರ, ಹಣ್ಣಿನ ಜೊತೆ ಕಾರ್ಡು ಕೊಟ್ಟರು. ಪಂಚರು ಕಾರ್ಡನ್ನು ಎದೆಯ ಮೇಲೆ ಹಿಡಿದು ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡರು.

ಆ ಫೋಟೋ ವೆಬ್‌ಸೈಟಿನ ಫೋಟೋ ಸಂಪುಟದಲ್ಲೇ ಇತ್ತು. ಹಾಕಿದವಳು ನಾನೇ. ದೊಡ್ಡದು ಮಾಡಿ ನೋಡಿದೆ. ಅಜ್ಜನವರ ಹಾರದ ಕೆಳಗೆ, ಎರಡು ಚೆಂಡುಹೂವಿನ ನಡುವೆ, ಪಾಸ್‌ವರ್ಡ್ ಒಂದಕ್ಷರವೂ ಮಸುಕಾಗದೆ ಓದಲು ಬರುತ್ತಿತ್ತು. ನನ್ನ ಅಚ್ಚು ಅಷ್ಟು ಚೆನ್ನಾಗಿ ಮೂಡಿತ್ತು.

ನಾನು ಬೆನ್ನು ಹತ್ತಿ ಉಳಿದ ಹತ್ತು ಜನರಿಂದ ಪಾಸ್‌ವರ್ಡ್ ಬದಲು ಮಾಡಿಸಿದ್ದೆ. ಅಜ್ಜನವರಿಗೆ ಕಣ್ಣು ಕಾಣುತ್ತಿರಲಿಲ್ಲ, ನಾಳೆ ನಾಳೆ ಎನ್ನುತ್ತಲೇ ಹೋಗಿಬಿಟ್ಟರು. ಹೋದ ಮೇಲೆ ಹೆಸರು ತೆಗೆಯಲು ಯಾರಿಗೂ ಮನಸ್ಸಾಗಲಿಲ್ಲ. ಫೋಟೋ ನೋಡಿಯೇ ನುಗ್ಗಿದರೋ, ಬೇರೆಲ್ಲಾದರೂ ಸಿಕ್ಕಿತೋ, ಓದಿದ್ದು ಮನುಷ್ಯನೋ ಯಂತ್ರವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಬಾಗಿಲು ತೆರೆದಿಟ್ಟವಳು ಯಾರೆಂಬುದು ಮಾತ್ರ ಗೊತ್ತು.

ಲಾಗ್ ಅಲ್ಲಿಗೇ ಮುಗಿಯಲಿಲ್ಲ. ಒಳಗೆ ಬಂದವರು ಆ ಪ್ಲಗಿನ್ ಹಾಕಿದ್ದರು, ಆಮೇಲೆ ಒಂದೊಂದೇ ಪುಟ ತೆರೆಯುತ್ತ ಹೋಗಿದ್ದರು. ಮುಚ್ಚಿದ ಪಟ್ಟಿಯ ಪುಟವನ್ನು ಎರಡು ಸಲ ತೆರೆದಿದ್ದರು. ನೋಡಿದರೋ, ನಕಲು ಮಾಡಿಕೊಂಡರೋ, ಸುಮ್ಮನೆ ಹಾದುಹೋದರೋ, ಅದನ್ನು ಲಾಗ್ ಹೇಳುವುದಿಲ್ಲ. ಅದಕ್ಕಿಂತ ಕೆಟ್ಟದ್ದು ಆಗ ಹೊಳೆಯಿತು. ಆ ಹನ್ನೊಂದು ಅಡ್ಮಿನ್ ಖಾತೆಗಳಿಂದಲೂ ಮೊದಲ ದಿನದಿಂದ ಆ ಪಟ್ಟಿ ನೋಡಬಹುದಾಗಿತ್ತು. ‘ನಾಕನೇದಾವ್ರಿಗೆ ಕಾಣಂಗಿಲ್ಲ’ ಎಂದು ನಾನು ಕೊಟ್ಟ ಮಾತು ಕೊಟ್ಟಾಗಲೇ ಸುಳ್ಳಾಗಿತ್ತು.

ನನ್ನ ಪೆನ್‌ಡ್ರೈವಿನಲ್ಲಿ ಮೂರು ತಿಂಗಳ ಹಿಂದಿನ ಒಂದು ಪ್ರತಿ ಇತ್ತು. ಅದನ್ನು ಸೋಸಿ, ಸರ್ವರನ್ನು ಪೂರ್ತಿ ಖಾಲಿ ಮಾಡಿ, ಹೊಸದಾಗಿ ಕಟ್ಟಿದೆ. ನಡುವಿನ ಮೂರು ತಿಂಗಳ ನೋಂದಣಿ? ಮಾಸ್ತರರು ಪ್ರತಿಯೊಬ್ಬರಿಂದಲೂ ಕಾಗದದ ಫಾರ್ಮು ತುಂಬಿಸಿ ರೆಕ್ಸಿನ್ ಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದರು. ಇನ್ನೂ ಯಾವ ಕಾಲದಲ್ಲಿ ಇದ್ದೀರಿ ಎಂದು ನಾನು ಎಷ್ಟು ಸಲ ಕಾಡಿಸಿದ್ದೆನೋ. ಈಗ ಆ ಚೀಲವೇ ಗದಗಿಗೆ ಬಂತು. ಅವರು ಓದಿದರು, ನಾನು ಟೈಪು ಮಾಡಿದೆ. ಎರಡು ದಿನ ಹಿಡಿಯಿತು. ಒಂದು ಸಲವೂ ಅವರು ನನ್ನನ್ನು ಚುಚ್ಚಲಿಲ್ಲ, ಅದು ಇನ್ನೂ ಕಷ್ಟವಾಯಿತು.

ವೆಬ್‌ಸೈಟು ಮತ್ತೆ ತೆರೆಯುವ ಮೊದಲು ಕೀಲಿಕೈಗಳ ಇತ್ಯರ್ಥ ಆಗಬೇಕಿತ್ತು. ಲ್ಯಾಪ್‌ಟಾಪ್ ಹೊತ್ತು ಲಕ್ಷ್ಮೇಶ್ವರಕ್ಕೆ ಹೋದೆ. ಅಧ್ಯಕ್ಷರ ಕಾಳಿನ ಅಂಗಡಿಯಲ್ಲೇ ಪಂಚರು ಸೇರಿದ್ದರು. ಹೊರಗೆ ಕಡಲೆಯ ಚೀಲ ಇಳಿಸುತ್ತಿದ್ದರು, ಒಳಗೆ ಗಾದಿಯ ಮೇಲೆ ಎಲ್ಲರೂ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ನಾನು ಸುತ್ತಿ ಬಳಸಿ ಹೇಳುವವಳಲ್ಲ. ನಡೆದದ್ದು ಹೇಳಿ, ಇನ್ನು ಮೇಲೆ ಅಡ್ಮಿನ್ ಒಬ್ಬರೇ ಇರಬೇಕು, ಹನ್ನೊಂದೂ ಕೀಲಿಕೈ ವಾಪಸು ಬೇಕು ಎಂದೆ.

ಅಧ್ಯಕ್ಷರ ಮುಖ ಕೆಂಪಾಯಿತು. “ಅಂದ್ರ ನಾವು ಕಳ್ಳರೇನ್ರಿ? ತೀರಿಕೊಂಡ ಹಿರ್ಯಾರ ಹೆಸರು ಕಿತ್ತಿ ಒಗೀಬೇಕೇನು? ನಾಳೆ ಅವರ ಮನ್ಯಾಗ ಏನಂತಾರ?”

“ಹೆಸರು ಕೇಳಾಕತ್ತಿಲ್ರಿ ಯಜಮಾನ್ರ, ಕೀಲಿಕೈ ಕೇಳಾಕತ್ತೀನಿ. ಅಜ್ಜಾರ ಫೋಟೋ ಮೊದಲನೇ ಪುಟದಾಗ ಎಲ್ಲಾರಕಿಂತ ಮ್ಯಾಲ ಇರತೈತಿ. ನಿಮ್ಮ ಹತ್ತೂ ಮಂದಿ ಹೆಸರು ಅದರ ಕೆಳಗ. ನೀವು ಕಳ್ಳರಲ್ಲ. ತಪ್ಪು ನಂದು. ಕಾರ್ಡು ಮಾಡಿಸಿದಾಕಿ ನಾನು, ಫೋಟೋ ಹಾಕಿದಾಕಿ ನಾನು.”

ಆಮೇಲೆ ಅಧ್ಯಕ್ಷರು ಎದ್ದು, ದೇವರ ಜಗಲಿಯಿಂದ ತಮ್ಮ ಕಾರ್ಡು ತಂದು ನನ್ನ ಮುಂದಿಟ್ಟರು. ಅದರ ಮೇಲೆ ಕುಂಕುಮ ಮೆತ್ತಿತ್ತು. ದೀಪಾವಳಿಯ ಲಕ್ಷ್ಮೀಪೂಜೆಗೆ ತಕ್ಕಡಿಯ ಪಕ್ಕ ಅದನ್ನೂ ಇಟ್ಟು ಪೂಜೆ ಮಾಡಿದ್ದರಂತೆ. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಅಲ್ಲೇ ಅವರೆಲ್ಲರ ಎದುರಿಗೆ ಹನ್ನೊಂದು ಖಾತೆಗಳನ್ನೂ ಒಂದೊಂದಾಗಿ ತೆಗೆದುಹಾಕಿದೆ. ನನ್ನ ಖಾತೆಗೆ ಮೊಬೈಲಿಗೆ ಬರುವ ಸಂಖ್ಯೆಯ ಎರಡನೇ ಬೀಗ ಹಾಕಿದೆ. ಫೋಟೋ ಸಂಪುಟದ ಆ ಫೋಟೋ ಅಳಿಸಿದೆ. ವೆಬ್‌ಸೈಟು ತೆರೆಯಿತು.

ಹೊರಡುವಾಗ ಮುಚ್ಚಿದ ಪಟ್ಟಿಯ ಮಾತು ತೆಗೆದೆ. ಆ ಮೂವರು ಗಂಡಸರಿಗೆ ಫೋನಿನಲ್ಲಿ ಹೇಳಿದ್ದೇನೆ, ಮುಂಡರಗಿಯವಳಿಗೆ ಮಾತ್ರ ಹೋಗಿಯೇ ಹೇಳಬೇಕು ಎಂದೆ.

ಅಧ್ಯಕ್ಷರು ದನಿ ತಗ್ಗಿಸಿದರು. “ಯಾಕ್ ಹೇಳ್ತೀರಿ ಅಕ್ಕಾರ? ನೋಡ್ಯಾರ ಅಂತ ಖಾತ್ರಿ ಐತೇನು? ಇಲ್ಲ. ಸುಮ್ಮನ ಆ ಹೆಣ್ಣುಮಗಳ ನಿದ್ದಿ ಕೆಡಸ್ತೀರಿ. ಕೇಂದ್ರದ ಹೆಸರೂ ಹಾಳಾಕ್ಕೈತಿ. ಬಿಡ್ರಿ, ಆದದ್ದು ಆತು.”

ಅವರ ಮಾತು ನನಗೆ ಹಿತವಾಗಿತ್ತು, ಅದನ್ನು ಒಪ್ಪಿಕೊಳ್ಳಬೇಕು. ನಿಲ್ದಾಣಕ್ಕೆ ಬಂದಾಗ ಗದಗಿನ ಬಸ್ಸು ಎದುರಿಗೇ ನಿಂತಿತ್ತು. ಹತ್ತಿ ಕೂತಿದ್ದರೆ ಮುಗಿಯುತ್ತಿತ್ತು. ಆದರೆ ಎಂದಾದರೂ ಒಂದು ದಿನ ಆ ಪಟ್ಟಿ ಯಾರದೋ ಮೊಬೈಲಿಗೆ ಬಂದು, ಅಲ್ಲಿಂದ ಮುಂಡರಗಿಯ ಓಣಿಗೆ ಬಂದು, ಅತ್ತೆಯ ಕಿವಿಗೆ ಬಿದ್ದರೆ? ಏನೂ ಗೊತ್ತಿಲ್ಲದೆ ಯಂತ್ರದ ಮುಂದೆ ಕೂತ ಅವಳ ಮುಖ ಕಣ್ಣೆದುರು ಬಂತು. ಶಿರಹಟ್ಟಿಯ ಬಸ್ಸು ಹತ್ತಿದೆ.

ಶಿರಹಟ್ಟಿ ನಿಲ್ದಾಣದಲ್ಲಿ ಮುಂಡರಗಿ ಬಸ್ಸಿಗೆ ಮುಕ್ಕಾಲು ಗಂಟೆ ಕಾದೆ. ಕೂತುಕೊಳ್ಳಲಾಗಲಿಲ್ಲ. ಕಟ್ಟೆಯ ಈ ತುದಿಯಿಂದ ಆ ತುದಿಗೆ ನಡೆದೆ, ಐದು ನಿಮಿಷಕ್ಕೊಮ್ಮೆ ವೆಬ್‌ಸೈಟು ತೆರೆದು ನೋಡಿದೆ. ಬಸ್ಸಿನಲ್ಲೂ ಅಷ್ಟೇ. ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರಗಳು ನಿಧಾನ ತಿರುಗುತ್ತಿದ್ದವು, ಅವುಗಳ ನಿಧಾನ ಕಂಡೂ ಸಿಟ್ಟು ಬಂತು. ಹೇಗೆ ಹೇಳಬೇಕೆಂದು ಏನೇನೋ ಜೋಡಿಸಿಕೊಂಡೆ, ಇಳಿಯುವ ಹೊತ್ತಿಗೆ ಒಂದೂ ನೆನಪಿರಲಿಲ್ಲ.

ಅವಳು ಹಸಿರು ಜಂಪರಿನ ತೋಳು ಹೊಲಿಯುತ್ತಿದ್ದಳು. ನನ್ನನ್ನು ಕಂಡದ್ದೇ ಕಾಲು ನಿಂತಿತು, ಯಂತ್ರ ನಿಂತಿತು. ಒಳಗಿನ ಬಾಗಿಲ ಕಡೆ ಒಮ್ಮೆ ನೋಡಿದಳು. “ನಮ್ಮತ್ತಿ ಬೀಸಾಕ ಗಿರಣಿಗೆ ಹೋಗ್ಯಾರ. ಏನಾತ್ರಿ?”

ನಿಂತೇ ಹೇಳಿದೆ. ಕಾರ್ಡು, ಹಾರ, ಫೋಟೋ, ತೀರಿದ ಅಜ್ಜನವರು, ಎರಡು ಸಲ ತೆರೆದ ಪುಟ. ಉಳಿದ ಹತ್ತು ಪಂಚರಿಗೂ ಮೊದಲಿನಿಂದಲೂ ಕಾಣುತ್ತಿತ್ತು ಎಂಬುದನ್ನೂ ಹೇಳಿದೆ. ಕೈಮುಗಿದೆ.

“ನಾನು ಮಾತ್ ಕೊಟ್ಟು ತಪ್ಪಿದೆ. ಈಗಿಂದೀಗ ನಿಮ್ಮ ಹೆಸರು ಅಳಸ್ತೀನಿ.”

ಅವಳು ಸೂಜಿಯ ಕೆಳಗಿದ್ದ ಬಟ್ಟೆಯನ್ನು ಎಳೆದು, ದಾರ ಕತ್ತರಿಸಿ, ಮಡಿಸಿಟ್ಟಳು.

“ಅಳಸಿದ್ರ ನೋಡಿದಾವ್ರ ತಲ್ಯಾಗಿಂದೂ ಅಳಸತೈತೇನ್ರಿ?” ಎಂದಳು. “ಇನ್ನ ಮ್ಯಾಲ ಯಾರ ಬಾಗಿಲಿಗೆ ಬಂದ್ರೂ, ಯಾರ ಫೋನ್ ಬಂದ್ರೂ ನಾ ಹೆದರಬೇಕು. ಐದು ತಿಂಗಳ ಹೆದರೀನಿ, ಸಾಕಾಗೇತಿ. ಕುಂಡ್ರಿ. ಅತ್ತಿ ಬರಲಿ. ಬ್ಯಾರೆದಾವ್ರ ಹೇಳೂಕಿಂತ ಮೊದಲ ನಾನ ಹೇಳ್ತೀನಿ. ನೀವು ಬರೇ ಇರ್ರಿ.”

ಅತ್ತೆ ಹಿಟ್ಟಿನ ಡಬ್ಬಿ ಹೊತ್ತು ಬಂದರು. ಅರವತ್ತರ ಮೇಲಿನ, ಗಟ್ಟಿ ಮೈಯ ಹೆಂಗಸು. ಸೊಸೆ ಡಬ್ಬಿ ಇಳಿಸಿಕೊಂಡು, ಅಲ್ಲೇ ನಿಂತು, ಹೆಸರು ಹಚ್ಚಿದ್ದನ್ನೂ ಅದು ಯಾರ್ಯಾರಿಗೆ ಕಂಡಿರಬಹುದು ಎಂಬುದನ್ನೂ ಎರಡೇ ಮಾತಿನಲ್ಲಿ ಹೇಳಿದಳು. ನನಗೆ ಓಡಿಹೋಗಬೇಕೆನ್ನಿಸಿತು.

“ಉಡಕಿ ಆಗಾಕ, ಎರಡನೇ ಲಗ್ನಕ್ಕ ಹೆಸರು ಹಚ್ಚೀಯೇನು?” ಅತ್ತೆಯ ದನಿ ಏರಿತು. “ನನಗ ಒಂದ ಮಾತ್ ಕೇಳಲಿಲ್ಲ. ಲಕ್ಷ್ಮೇಶ್ವರದ ಹತ್ತು ಗಂಡಸರಿಗೆ ಗೊತ್ತು, ಎಲ್ಲೋ ಕುಂತ ಕಳ್ಳಗ ಗೊತ್ತು, ಮನ್ಯಾಗ ಇದ್ದ ನನಗ ಗೊತ್ತಿಲ್ಲ!”

ಸೊಸೆ ತಲೆ ತಗ್ಗಿಸಲಿಲ್ಲ, ಅಳಲೂ ಇಲ್ಲ. “ಕೂಸನ್ನ ಕಸಗೊಂತೀರಿ ಅಂತ ಅಂಜಿದ್ನಿ ಅತ್ತಿ,” ಎಂದಳು.

ಅತ್ತೆ ಹೊಸ್ತಿಲ ಮೇಲೆ ಕೂತರು. ಸೆರಗಿನಿಂದ ಕೈಯ ಹಿಟ್ಟು ಒರೆಸಿಕೊಂಡರು, ಒರೆಸಿದ್ದನ್ನೇ ಮತ್ತೆ ಒರೆಸಿಕೊಂಡರು. ಸೊಸೆಯ ಕಡೆ ನೋಡಲೇ ಇಲ್ಲ. ಆಮೇಲೆ ನನ್ನ ಕಡೆ ತಿರುಗಿದರು.

“ಅದರಾಗ ಕೂಸಿಂದು ಬರದೀರೇನು?”

“ಇಲ್ರಿ ಅಮ್ಮಾರ. ಆಮ್ಯಾಲೆ ತಿಳಸಿದ್ರಾತು ಅಂತ ನಾನ ಬ್ಯಾಡ ಅಂದಿದ್ನಿ.”

“ಬರೀರಿ. ಮಗಳದಾಳ, ತಾಯಿ ಕೂಡಾನ ಬರ್ತಾಳ ಅಂತ ಬರೀರಿ. ನೋಡಾಕ ಬಂದಾವ ಮುಂದ, ನನಗ ಗೊತ್ತಿರಲಿಲ್ಲ ಅನಬಾರದು.” ಎದ್ದು ಡಬ್ಬಿ ಎತ್ತಿಕೊಂಡು ಒಳಗೆ ಹೋದರು. ಒಳಗಿನಿಂದ ಪಾತ್ರೆಗಳ ಸದ್ದು ಜೋರಾಗಿ ಕೇಳಿಸಿತು. ಸಿಟ್ಟು ಇಳಿದಿರಲಿಲ್ಲ.

ಲ್ಯಾಪ್‌ಟಾಪ್ ಅನ್ನು ಹೊಲಿಗೆಯಂತ್ರದ ಹಲಗೆಯ ಮೇಲೆಯೇ ತೆರೆದೆ. ಮುಚ್ಚಿದ ಪಟ್ಟಿಯಲ್ಲಿ ಅವಳ ಹೆಸರಿನ ಪುಟ ತೆರೆದು, ‘ಮಕ್ಕಳು’ ಎಂಬಲ್ಲಿ ‘ನಂತರ ತಿಳಿಸಲಾಗುವುದು’ ಎಂದಿದ್ದದ್ದನ್ನು ಅಳಿಸಿ ಬರೆದೆ: ‘ಒಬ್ಬ ಮಗಳಿದ್ದಾಳೆ, ತಾಯಿಯ ಜೊತೆಗೇ ಬರುತ್ತಾಳೆ.’

“ಇದನ್ನ ಎಲ್ಲಾರೂ ನೋಡೂ ಪಟ್ಟಿಗೆ ಹಾಕ್ರಿ,” ಎಂದಳು ಅವಳು ನನ್ನ ಭುಜದ ಹಿಂದಿನಿಂದ. “ಕದ್ದು ನೋಡಾಕ ಏನೂ ಉಳೀಬಾರದು.”

ಒಮ್ಮೆ ಹಾಕಿದರೆ ಊರೆಲ್ಲ ನೋಡುತ್ತದೆ, ಇನ್ನೊಮ್ಮೆ ವಿಚಾರ ಮಾಡಿ ಎಂದೆ. ಅವಳು ಬಗ್ಗಿ, ಆ ಸಾಲನ್ನು ತುಟಿ ಅಲ್ಲಾಡಿಸುತ್ತ ಎರಡು ಸಲ ಓದಿದಳು. ಹೊರಗೆ ಶಾಲೆ ಬಿಟ್ಟ ಮಕ್ಕಳ ಗದ್ದಲ ಕೇಳುತ್ತಿತ್ತು.

“ಒತ್ರಿ,” ಎಂದಳು.

ಒತ್ತಿದೆ.